ಬಾಯಿ ತುಂಬ ಮೊಳೆ

ಇಲ್ಲದ ಟಾರ್ಪಾಲಿಗಾಗಿ ಇಡೀ ಊರು ಸಾಲು ನಿಂತಿತ್ತು.

ಬಂದರಿನ ಗೋದಾಮಿನ ಬಾಗಿಲಲ್ಲಿ ಶುರುವಾದ ಸಾಲು ಐಸ್ ಕಾರ್ಖಾನೆಯ ಗೋಡೆಗೆ ಒರಗಿಕೊಂಡು ಸಾಗಿ, ಬೇರು ಮೇಲಾಗಿ ಬಿದ್ದಿದ್ದ ದೊಡ್ಡ ಮರಕ್ಕೊಂದು ಸುತ್ತು ಹಾಕಿ, ಬಸ್ ನಿಲ್ದಾಣದ ಆಚೆಗೆಲ್ಲೋ ಕಣ್ಮರೆಯಾಗಿತ್ತು. ಜೀಪಿನಿಂದ ಇಳಿದ ಪರಿಹಾರ ಕೆಲಸದ ಸಂಯೋಜಕಿಗೆ ಮೊದಲು ಸಂತೋಷವೇ ಆಯಿತು. ಜನ ಇಷ್ಟು ಶಿಸ್ತಾಗಿ ನಿಂತದ್ದನ್ನು ಅವಳು ಬೇರೆ ಯಾವ ಊರಲ್ಲೂ ಕಂಡಿರಲಿಲ್ಲ. ಆಮೇಲೆ, ಇವರು ಯಾತಕ್ಕೆ ನಿಂತಿರಬಹುದು ಎಂಬ ಯೋಚನೆ ಬಂದು ಹತ್ತಿರ ಹೋಗಿ ಕೇಳಿದಳು.

"ಏನಮ್ಮಾ, ಯಾಕೆ ಎಲ್ಲರೂ ನಿಂತಿದ್ದೀರಿ?"

"ಟಾರ್ಪಾಲು ಕೊಡ್ತಾರಂತಲ್ಲ ಮೇಡಂ," ಅಂದಳು ಕಂಕುಳಲ್ಲಿ ಕೂಸು ಹೊತ್ತವಳೊಬ್ಬಳು. "ಬೆಳಗ್ಗೇನೇ ಬನ್ನಿ, ಮೊದಲು ಬಂದೋರಿಗೆ ಮೊದಲು ಅಂತ."

"ಯಾರು ಹೇಳಿದ್ರು?"

"ರೇಡಿಯೊ ಹೇಳ್ತು."

ಚಂಡಮಾರುತ ಹಾದುಹೋಗಿ ಆಗಿನ್ನೂ ವಾರವಾಗಿತ್ತು. ಊರಿನ ಅರ್ಧ ಮನೆಗಳಿಗೆ ಸೂರಿರಲಿಲ್ಲ. ಟಾರ್ಪಾಲಿನ ಲಾರಿ ಮುರಿದ ಸೇತುವೆಯ ಆಚೆ ದಡದಲ್ಲಿತ್ತು. ಅದರ ಡ್ರೈವರು ಅದೇ ಲಾರಿಯ ಅಡಿಯಲ್ಲಿ ನೆರಳು ನೋಡಿ ಮಲಗಿದ್ದ. ಇದನ್ನೆಲ್ಲ ಸಂಯೋಜಕಿ ಒಂದು ಸ್ಟೂಲಿನ ಮೇಲೆ ಹತ್ತಿ ನಿಂತು, ಗಂಟಲು ಹರಿಯುವಂತೆ ಹೇಳಿದಳು. ಮುಂದಿನ ಹತ್ತು ಜನರಿಗೆ ಕೇಳಿಸಿತು. ಹಿಂದಿನವರು, ಹಂಚುವುದಕ್ಕೆ ಶುರುಮಾಡಿದರು ಅಂದುಕೊಂಡು ಇನ್ನೂ ಒತ್ತೊತ್ತಾಗಿ ಮುಂದೆ ಬಂದರು.

ಬಿರುಗಾಳಿ ಬೀಸಿದ ಊರಿಗೆ ಮೊದಲ ಗಾಡಿಯಲ್ಲಿ ಹೋಗಿ ಇಳಿಯುವುದೇ ಅವಳ ಉದ್ಯೋಗ. ನೆರವಾಗಲು ಬರುವ ಹತ್ತು ಹಲವು ಸಂಸ್ಥೆಗಳು ಒಂದರ ಕಾಲು ಒಂದು ತುಳಿಯದಂತೆ ನೋಡಿಕೊಳ್ಳಬೇಕು. ಮದುವೆ ಮನೆಯಲ್ಲಿ ಬಡಿಸುವವರ ಮೇಲೆ ಹಿರಿಯಕ್ಕ ಕಣ್ಣಿಟ್ಟಿರುತ್ತಾಳಲ್ಲ, ಹಾಗೆ. ಈ ಕೆಲಸದಲ್ಲಿ ಅವಳು ತಾಳ್ಮೆ ಕಳೆದುಕೊಂಡದ್ದೇ ಇಲ್ಲ ಎಂದು ಹೆಸರು. ಆ ಬೆಳಿಗ್ಗೆ ಮಾತ್ರ ಕೋಪ ನೆತ್ತಿಗೇರಿತು.

"ಎಲ್ಲಿದೆ ಆ ರೇಡಿಯೊ?" ಎಂದು ಜೀಪು ಹತ್ತಿದಳು.

ರೇಡಿಯೊ ನಿಲಯ ಇದ್ದದ್ದು ಒಬ್ಬ ಅತ್ತೆಯ ಮನೆಯ ಮಹಡಿಯಲ್ಲಿ. ನಿಲಯದ ಸ್ವಂತ ಕಟ್ಟಡದ ಮಾಡು ಗಾಳಿಗೆ ಹಾರಿಹೋಗಿದ್ದರಿಂದ, ಅದನ್ನು ನಡೆಸುತ್ತಿದ್ದವನು ಯಂತ್ರಗಳನ್ನೆಲ್ಲ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ತಂದು ಸೋದರತ್ತೆಯ ಮನೆಯಲ್ಲಿ ಠಿಕಾಣಿ ಹೂಡಿದ್ದ. ಸದ್ದು ನುಸುಳದಂತೆ ಗೋಡೆಗಳಿಗೆ ಹಾಸಿಗೆಗಳನ್ನು ನಿಲ್ಲಿಸಿ ಹಗ್ಗ ಬಿಗಿದಿದ್ದ. ಬಾಗಿಲ ಮೇಲೊಂದು ಕೆಂಪು ಬಲ್ಬು. ಅದು ಉರಿಯುತ್ತಿದ್ದರೆ ಒಳಗೆ ಯಾರೂ ತುಟಿ ಬಿಚ್ಚುವಂತಿಲ್ಲ.

ಅವಳು ಬಾಗಿಲು ನೂಕಿದಾಗ ಅದು ಉರಿಯುತ್ತಿತ್ತು.

ಮೈಕಿನ ಮುಂದೆ ಕೂತಿದ್ದವನು ಅವಳನ್ನು ನೋಡಿದ. ಕೆಂಪಗಾದ ಮುಖ, ಕೆಸರು ಮೆತ್ತಿದ ಚಪ್ಪಲಿ, ಬೈಯಲೆಂದು ತೆರೆದು ಹಾಗೇ ನಿಂತ ಬಾಯಿ. ಬೆರಳನ್ನು ತುಟಿಗಿಟ್ಟು, ಇನ್ನೊಂದು ಕೈಯಿಂದ ಕುರ್ಚಿ ತೋರಿಸಿದ. ಕೂರದೆ ವಿಧಿಯಿರಲಿಲ್ಲ.

"ಹಳೇ ಅಂಚೆ ಕಚೇರಿ ಹಿಂದಿನ ದರ್ಜಿಯವರಿಗೆ ಒಂದು ಸುದ್ದಿ," ಎಂದು ಅವನು ಓದಿದ. "ನಿಮ್ಮ ಹೆಂಡತಿ ಅವರ ತಮ್ಮನ ಮನೆಯಲ್ಲಿ ಕ್ಷೇಮವಾಗಿದ್ದಾರೆ. ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲವಂತೆ. ಆದರೂ ಕ್ಷೇಮ."

ಎಂಥ ಧ್ವನಿ ಅದು! ಬಿಸಿಲಿಗೆ ಇಟ್ಟ ಕಂಬಳಿಯ ಬಿಸುಪು ಇತ್ತು ಅದರಲ್ಲಿ. ಅವಳಿಗೆ ನಗು ಬಂತು. ಸಿಟ್ಟಿನಲ್ಲಿ ಬಂದವಳಿಗೆ ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅವನು ಒಂದು ಹಾಡು ಹಾಕಿದ. ಬಲ್ಬು ಆರಿತು.

"ಟಾರ್ಪಾಲು ಎಲ್ಲಿದೆ?" ಎಂದಳು.

"ಗೋದಾಮಲ್ಲಿ."

"ಇಲ್ಲ. ಸೇತುವೆ ಆಚೆ ಇದೆ."

"ಡ್ರೈವರು ಫೋನ್ ಮಾಡಿದ್ರಲ್ಲ, ಬೆಳಿಗ್ಗೆ ಒಳಗೆ ತಲುಪ್ತೀನಿ ಅಂತ?"

"ತಲುಪ್ತೀನಿ ಅಂದ್ರು. ತಲುಪಿದೆ ಅಂದ್ರಾ?"

ಅವನು ಓದುತ್ತಿದ್ದ ಹಾಳೆ ಕೆಳಗಿಟ್ಟ. "ಎಷ್ಟು ಜನ ನಿಂತಿದ್ದಾರೆ?"

"ನೀವು ಕರೆದಷ್ಟೂ ಜನ."

ಅವನು ಹಾಡನ್ನು ಅರ್ಧಕ್ಕೇ ನಿಲ್ಲಿಸಿದ; ಬಲ್ಬು ಹತ್ತಿತು. "ಗೋದಾಮಿನ ಹತ್ತಿರ ನಿಂತಿರೋರೇ, ನಾನು ತಪ್ಪು ಹೇಳಿದೆ. ಟಾರ್ಪಾಲು ಇನ್ನೂ ಬಂದಿಲ್ಲ. ತಪ್ಪು ನನ್ನದು, ಹಂಚೋರದ್ದಲ್ಲ. ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಕ್ಷಮಿಸಿ, ಮನೆಗೆ ಹೋಗಿ. ಬೈಯಬೇಕು ಅನ್ನಿಸಿದ್ರೆ ಸಂಜೆ ನಮ್ಮ ಮನೆ ಹತ್ತಿರ ಬನ್ನಿ. ಅತ್ತೆ ಚಹಾ ಕೊಡ್ತಾರೆ."

"ನಾನೆಲ್ಲಿ ಕೊಡ್ತೀನಿ ಅಂದೆ?" ಎಂಬ ಕೂಗು ಕೆಳಗಿನಿಂದ ಬಂದು, ಅದೂ ಪ್ರಸಾರವಾಯಿತು.

ಸಂಯೋಜಕಿ ಹಿಂದಿರುಗುವಷ್ಟರಲ್ಲಿ ಸಾಲು ಕರಗುತ್ತಿತ್ತು. ಜನ ನಗುತ್ತಾ ಹೋಗುತ್ತಿದ್ದರು. "ಪಾಪ, ನಮ್ಮ ಗಿಳಿ ತಪ್ಪು ಒಪ್ಕೊಂಡ್ತು ಬಿಡು," ಅನ್ನುತ್ತಿದ್ದರು. ಹುಟ್ಟಿದಾಗಿನಿಂದ ವಟವಟ ಅನ್ನುತ್ತಿದ್ದ ಅವನಿಗೆ ಅತ್ತೆ ಇಟ್ಟ ಹೆಸರು ಅದು, ಊರಿಗೆಲ್ಲ ಅದೇ ರೂಢಿಯಾಗಿತ್ತು. ತನ್ನ ಗಂಟಲಿಗೆ ಆಗದ್ದು ಆ ಧ್ವನಿಗೆ ಚಿಟಿಕೆ ಹೊಡೆದಷ್ಟು ಸುಲಭವಾದದ್ದನ್ನು ಅವಳು ಗಮನಿಸಿದಳು. ಈ ಗಿಳಿಯನ್ನು ಹೊರಗೆ ಬಿಟ್ಟರೆ ಕೆಲಸ ಕೆಡುತ್ತದೆ, ಒಳಗೆ ಸೇರಿಸಿಕೊಳ್ಳಬೇಕು ಎಂದುಕೊಂಡಳು.

ಮರುದಿನದಿಂದ ಅವನೂ ಬೆಳಗಿನ ಸಭೆಗೆ ಬಂದ.

ಸಭೆ ನಡೆಯುತ್ತಿದ್ದದ್ದು ಪ್ರಾಥಮಿಕ ಶಾಲೆಯ ಒಂದನೇ ಕ್ಲಾಸಿನಲ್ಲಿ. ಮಾಡು ಉಳಿದಿದ್ದದ್ದು ಆ ಕೋಣೆಗೊಂದಕ್ಕೇ. ಡಾಕ್ಟರು, ಎಂಜಿನಿಯರು, ಪುರಸಭೆಯವರು, ಸಂಸ್ಥೆಗಳ ಪ್ರತಿನಿಧಿಗಳು, ಎಲ್ಲರೂ ಪುಟ್ಟ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುರಿ ಕೂರುತ್ತಿದ್ದರು. ಹಾಗೆ ಕೂತ ಮೇಲೆ ಯಾರ ದೊಡ್ಡಸ್ತಿಕೆಯೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಸಂಯೋಜಕಿ ಕಪ್ಪು ಹಲಗೆಯ ಮುಂದೆ ನಿಂತು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನೆಲ್ಲ ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಿದ್ದಳು.

"ನೀರಿನ ಟ್ಯಾಂಕರ್ ಕಳಿಸುವ ಬಗ್ಗೆ ನಾವು ಗಂಭೀರವಾಗಿ..."

"ಯಾವಾಗ?"

"ಅಂದ್ರೆ, ಆದಷ್ಟು ಬೇಗ..."

"ಯಾವಾಗ?"

ಹಿಂದಿನ ಬೆಂಚಿನಲ್ಲಿ ಕೂತ ಗಿಳಿ ತಲೆ ತಗ್ಗಿಸಿ ನಗುತ್ತಿದ್ದ. ಭುಜ ಕುಣಿಯುವುದು ಮಾತ್ರ ಕಾಣುತ್ತಿತ್ತು. ವಾರದೊಳಗೆ ಅವಳಿಗೆ ‘ಯಾವಾಗ ಮೇಡಂ’ ಎಂಬ ಹೆಸರು ಬಿತ್ತು. ಯಾರಿಟ್ಟರು ಎಂದು ಅವಳು ವಿಚಾರಿಸಲಿಲ್ಲ. ಹಿಂದಿನ ಬೆಂಚಿನ ಕಡೆ ಒಮ್ಮೆ ಹುಬ್ಬೇರಿಸಿ ನೋಡಿದಳು. ಅವನು ಬಹಳ ಶ್ರದ್ಧೆಯಿಂದ ಗೋಡೆಯ ಮೇಲಿನ ಮಗ್ಗಿ ಓದತೊಡಗಿದ.

ಅವನಿಗೆಂದು ಅವಳು ಮಾಡಿದ ನಿಯಮ ಒಂದೇ. "ಲಾರಿ ಹೊರಟಿದೆ ಅಂದ್ರೂ ಹೇಳಬಾರದು. ಬಂತು ಅಂದ್ರೂ ಹೇಳಬಾರದು. ಸಾಮಾನು ಇಳಿಸಿ, ಎಣಿಸಿ ಆದಮೇಲೆ ನಾನೇ ಫೋನ್ ಮಾಡ್ತೀನಿ. ಆಮೇಲೆ ಹೇಳಿ."

"ಅಷ್ಟರವರೆಗೆ ಬಾಯಲ್ಲಿ ಏನಿಟ್ಕೊಂಡಿರಲಿ ಮೇಡಂ?"

"ಏನಾದ್ರೂ ಇಟ್ಕೊಳ್ಳಿ. ಸುದ್ದಿ ಬೇಡ."

ಸೇತುವೆ ದುರಸ್ತಿಯಾಗಿ ಲಾರಿಗಳು ಬರತೊಡಗಿದಾಗ ಹೀಗೆ ಶುರುವಾಯಿತು ಆ ಫೋನು. ಗೋದಾಮಿನ ಬಾಗಿಲಲ್ಲಿ ನಿಂತು ಅವಳು "ಇಳೀತು" ಅನ್ನುತ್ತಿದ್ದಳು. "ಎಣಿಸಿದ್ರಾ?" "ಎಣಿಸಿದೆ." ಮೊದಮೊದಲು ಅಷ್ಟೇ. ಆಮೇಲೆ "ಊಟ ಆಯ್ತಾ?" ಸೇರಿತು. "ಅತ್ತೆ ಏನಂತಾರೆ?" ಸೇರಿತು. ಕೊನೆಗೆ, ಐದು ಮೂಟೆ ಬ್ಲೀಚಿಂಗ್ ಪೌಡರ್ ಇಳಿದ ಸುದ್ದಿಗೆ ಅರ್ಧ ಗಂಟೆ ಹಿಡಿಯತೊಡಗಿತು.

ಸಂಸ್ಥೆಗಳಿಗೆಲ್ಲ ಒಂದು ದುರಭ್ಯಾಸವಿತ್ತು. ಕಾರು ಹೋಗುವ ಕಡೆಗೇ ನೆರವೂ ಹೋಗುತ್ತಿತ್ತು. ಹಿನ್ನೀರಿನ ಆಚೆಯ ಮರಳುದಿಬ್ಬದ ಕೇರಿಗೆ ದೋಣಿ ಬೇಕು. ಅಲ್ಲಿಗೆ ಸುಲಭವಾಗಿ ಸಾಗಿಸಬಹುದಾದದ್ದನ್ನಷ್ಟೇ ಎಲ್ಲರೂ ಸಾಗಿಸಿದ್ದರು. ಏನು ಸಾಗಿಸಿದ್ದಾರೆ ಎಂದು ನೋಡಲು ಅವಳು ಹೊರಟಾಗ, ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಅವನೂ ದೋಣಿ ಹತ್ತಿದ.

ದೋಣಿ ವಾಲಿದಾಗಲೆಲ್ಲ ಅವಳು ಅದರ ಅಂಚು ಹಿಡಿಯುವ ಬದಲು ಅವನ ತೋಳು ಹಿಡಿದಳು. ಎರಡು ಸಲ ಅದು ಅಕಸ್ಮಾತ್ತು. ಮೂರನೆಯ ಸಲ ದೋಣಿ ಅಷ್ಟೇನೂ ವಾಲಿರಲಿಲ್ಲ.

"ಭಯ ಆಗ್ತಿದೆಯಾ ಮೇಡಂ?"

"ಇಲ್ಲ."

"ನನಗೆ ಆಗ್ತಿದೆ," ಅಂದ ಅವನು, ನೀರಿನ ಕಡೆ ನೋಡುತ್ತಾ. ಕಿವಿ ಮಾತ್ರ ಕೆಂಪಾಗಿತ್ತು.

ದಿಬ್ಬದಲ್ಲಿ ಒಬ್ಬ ಮುದುಕಿ ಅವರನ್ನು ಮನೆಯೊಳಗೆ ಕರೆದಳು. ಒಳಗೆ ಅನ್ನಲು ಮೇಲೆ ಏನೂ ಇರಲಿಲ್ಲ, ಆಕಾಶವೇ. ಗೋಡೆಯ ಬುಡದಲ್ಲಿ ಸಾಲಾಗಿ ಬಣ್ಣಬಣ್ಣದ ಬಕೆಟ್ಟುಗಳಿದ್ದವು.

"ಬಂದೋರೆಲ್ಲ ಬಕೆಟ್ ಕೊಟ್ರು ಮಗಾ," ಎಂದು ಅವಳು ಮೈಕಿಗೆ ಹೇಳಿದಳು. "ಒಂದರಲ್ಲಿ ಮೆಣಸಿನ ಗಿಡ ನೆಟ್ಟೆ. ಒಂದರಲ್ಲಿ ಕೋಳಿ ಮೊಟ್ಟೆ ಇಡ್ತಿದೆ. ಇನ್ನೊಂದನ್ನ ನಮ್ಮೋರು ತಲೆಗೆ ಹಾಕ್ಕೊಂಡು ಮಳೇಲಿ ಓಡಾಡ್ತಾರೆ. ಅಲ್ಲೆಲ್ಲೋ ನಿಮ್ಮ ತಗಡಿನ ಶೀಟು ಬಿದ್ದಿದೆಯಲ್ಲ, ಅದನ್ನ ನಾವೇ ಹೊಡ್ಕೋತೀವಿ. ಮೊಳೆ ಇದ್ರೆ ಕೊಡಿ."

ಶೀಟು ಕಳಿಸಿದವರು ಮೊಳೆ ಕಳಿಸಿರಲಿಲ್ಲ. ಅದು ಬೇರೆ ಸಂಸ್ಥೆಯ ಪಾಲಿಗೆ ಬಿದ್ದಿತ್ತು. ಆ ಸಂಸ್ಥೆ ಅದನ್ನು ಮರೆತು ಬಕೆಟ್ ಕಳಿಸಿತ್ತು. ಪಾಲು ಹಂಚಿದವಳು ತಾನೇ. ಸಂಯೋಜಕಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊರಗೆ ಬಂದು ಮರಳಲ್ಲಿ ಕೂತು, "ಇದು ನನ್ನ ತಪ್ಪು," ಅಂದಳು.

"ಒಪ್ಕೊಳ್ಳೋದು ಸುಲಭ ಮೇಡಂ. ಅಭ್ಯಾಸ ಬೇಕು ಅಷ್ಟೇ. ನನ್ನತ್ರ ಕಲೀರಿ." ಅವನು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಅವಳಿಗೆ ನಗು ಬಂತು. ಅವಳು ನಗುವುದನ್ನು ಅವನು ಎಷ್ಟು ಹೊತ್ತು ನೋಡಿದನೆಂದರೆ, ದೋಣಿಯವನು ಎರಡು ಸಲ ಕೆಮ್ಮಬೇಕಾಯಿತು.

ಆ ಸಂಜೆ ಮುದುಕಿಯ ಮಾತು ಊರಿಗೆಲ್ಲ ಕೇಳಿತು. ಮರುದಿನದ ಸಭೆಯಲ್ಲಿ ಬಕೆಟ್ ಎಂಬ ಶಬ್ದ ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಮೊಳೆ ಬಂತು, ಸೂರನ್ನು ತೊಲೆಗೆ ಬಿಗಿಯುವ ಕಬ್ಬಿಣದ ಪಟ್ಟಿ ಬಂತು, ಅದನ್ನು ಹೇಗೆ ಬಿಗಿಯಬೇಕೆಂದು ತೋರಿಸಲು ಬಡಗಿ ಬಂದ. "ಇಳೀತು," ಎಂದು ಅವಳು ಫೋನಿನಲ್ಲಿ ಹೇಳಿದಳು. "ಎಣಿಸಿದ್ರಾ?" ಎಂದು ಅವನು ಬಹಳ ಮೆತ್ತಗೆ ಕೇಳಿದ.

ಅವಳಿಗೆ ಚಹಾ ತಣ್ಣಗಾಗಲು ಬಿಡುವ ಚಾಳಿ. ಸಭೆ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಕೆನೆ ಕಟ್ಟಿದ ಲೋಟ ಇದ್ದೇ ಇರುತ್ತಿತ್ತು. ಅವನು ಅದನ್ನು ನೋಡಿದ್ದ. ಸಂಜೆಯ ವಾರ್ತೆ ಮುಗಿಸುವಾಗ ಒಂದು ದಿನ, "ಕೇಳುಗರೇ, ಚಹಾ ಬಿಸಿ ಇರುವಾಗಲೇ ಕುಡಿಯಿರಿ, ನಮಸ್ಕಾರ," ಅಂದ. ಆಮೇಲೆ ದಿನಾ ಅಂದ. ಕುಡಿಯುವ ನೀರಿನ ಎಚ್ಚರಿಕೆ ಇರಬೇಕು ಎಂದುಕೊಂಡ ಡಾಕ್ಟರು ಅವನನ್ನು ಮೆಚ್ಚಿಕೊಂಡರು. ಇಡೀ ಊರು ಬಿಸಿ ಚಹಾ ಹೀರುತ್ತಿದ್ದರೆ, ಲಾಡ್ಜಿನ ಕೋಣೆಯಲ್ಲಿ ಒಬ್ಬಳು ಮಾತ್ರ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತು ಒಬ್ಬಳೇ ನಗುತ್ತಿದ್ದಳು.

ಅಂಥದೊಂದು ಸಂಜೆ ಅವಳ ಅಕ್ಕ ಫೋನ್ ಮಾಡಿದಳು. "ಯಾರೇ ಅದು ಹಿಂದೆ ಮಾತಾಡ್ತಿರೋದು?"

"ರೇಡಿಯೊ ಅಕ್ಕಾ."

"ರೇಡಿಯೊ ಕೇಳಿ ನಾಚ್ಕೊಳ್ಳೋಳನ್ನ ಇದೇ ಮೊದಲು ಕೇಳ್ತಿದ್ದೀನಿ. ಆಗಲಿ, ರೇಡಿಯೊಗೆ ಮದುವೆ ಆಗಿದೆಯೋ ಇಲ್ವೋ?"

"ಆಗಿಲ್ಲ," ಎಂದು ಬಾಯಿ ತಪ್ಪಿ ಹೇಳಿ, ಅವಳು ನಾಲಿಗೆ ಕಚ್ಚಿಕೊಂಡಳು.

ಇಷ್ಟು ಚೆನ್ನಾಗಿರುವಾಗ ಕೇಂದ್ರ ಕಚೇರಿಯಿಂದ ಕರೆ ಬಂತು. ಇನ್ನೊಂದು ಕರಾವಳಿಯಲ್ಲಿ ಹೊಸ ಬಿರುಗಾಳಿ. ಶನಿವಾರ ಗಾಡಿ ಹೊರಡುತ್ತದೆ. ಅವಳು ಹೋಗಬಹುದು, ಇಲ್ಲವೇ, ಅವಳೇ ತರಬೇತಿ ಕೊಟ್ಟ ಸಹಾಯಕಿಯನ್ನು ಕಳಿಸಿ, ಇಲ್ಲಿ ಮನೆ ಕಟ್ಟಿಸುವ ಕೆಲಸಕ್ಕೆ ಒಂದು ವರ್ಷ ತಾನೇ ಉಳಿಯಬಹುದು. ಸಹಾಯಕಿ ಚೀಲ ಕಟ್ಟಿಕೊಂಡೇ ಕೂತಿದ್ದಳು, ಒಂದು ಸಲ ತಾನೇ ಮುಂದೆ ನಿಂತು ನಡೆಸಬೇಕೆಂಬ ಆಸೆ ಅವಳಿಗೆ. ಶುಕ್ರವಾರದೊಳಗೆ ತಿಳಿಸು, ಅಂದರು.

ಬೇರೆ ಊರುಗಳಲ್ಲಾಗಿದ್ದರೆ ಅವಳು ಯೋಚಿಸುತ್ತಲೇ ಇರಲಿಲ್ಲ. ಮೊದಲು ಬರುವುದು, ಮೊದಲು ಹೋಗುವುದು. ಟಾರ್ಪಾಲು ಹೊದ್ದ ಮನೆಗಳನ್ನು ಹೊರಡುವ ಗಾಡಿಯ ಕಿಟಕಿಯಿಂದ ನೋಡಿದ್ದಳೇ ಹೊರತು, ಅದೇ ಮನೆಗಳಿಗೆ ಸೂರು ಬಂದದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಈಗ ನೋಡಬೇಕೆನ್ನಿಸುತ್ತಿತ್ತು. ಆ ಆಸೆ ಸೂರಿನದೋ, ಸಂಜೆಯ ಧ್ವನಿಯದೋ ಎಂಬುದು ಬಗೆಹರಿಯಲಿಲ್ಲ. ಅವನು ‘ಇರಿ’ ಎಂದು ಒಂದು ಮಾತು ಅಂದರೆ ಸಾಕು ಅನ್ನಿಸಿತು. ಊರಿಗೆಲ್ಲ ಸುದ್ದಿ ಹೇಳುವವನು ಇದನ್ನು ಹೇಳದೆ ಇರುತ್ತಾನೆಯೇ?

ಹೇಳಲಿಲ್ಲ.

ಸುದ್ದಿ ಸಹಾಯಕಿಯ ಬಾಯಿಂದ ಅವನಿಗೆ ತಲುಪಿತ್ತು. ಬುಧವಾರ ಅವನು ಅವಳನ್ನು ಸಂದರ್ಶನಕ್ಕೆ ಕರೆದ. ಅವಳು ತೊಳೆದ ಅಂಗಿ ಹಾಕಿಕೊಂಡು, ಜಡೆಯನ್ನು ಎರಡು ಸಲ ಬಿಚ್ಚಿ ಹೆಣೆದು ಹೋದಳು. ಕೆಂಪು ಬಲ್ಬು ಹತ್ತಿತು. ಅವನು ಸೂರಿನ ಪಟ್ಟಿಯ ಬಗ್ಗೆ ಕೇಳಿದ. ಮೀನುಗಾರರ ಬಲೆಗಳ ಬಗ್ಗೆ ಕೇಳಿದ. ಶಾಲೆ ಯಾವಾಗ ತೆರೆಯುತ್ತದೆ, ಚರಂಡಿ ಯಾರು ತೆಗೆಸುತ್ತಾರೆ ಎಂದು ಕೇಳಿದ. ಒಮ್ಮೆಯೂ ಅವಳ ಮುಖ ನೋಡಲಿಲ್ಲ. ಬಲ್ಬು ಆರಿತು.

"ಅಷ್ಟೇನಾ ಪ್ರಶ್ನೆ?" ಎಂದಳು.

"ಅಷ್ಟೇ ಮೇಡಂ. ಥ್ಯಾಂಕ್ಸ್."

ಮೆಟ್ಟಿಲ ಮೇಲೆ ಬೇಕೆಂದೇ ನಿಧಾನ ಇಳಿದಳು. ಹಿಂದಿನಿಂದ ಯಾರೂ ಕರೆಯಲಿಲ್ಲ. ಕಣ್ಣು ತುಂಬಿ, ಕೊನೆಯ ಮೆಟ್ಟಿಲು ಕಾಣದೆ ಮುಗ್ಗರಿಸಿದಳು. ಆ ಸಂಜೆಯ ವಾರ್ತೆಯ ಕೊನೆಗೆ ಬರೀ ‘ನಮಸ್ಕಾರ’ ಇತ್ತು. ಅವಳ ಚಹಾ ತಣ್ಣಗಾಯಿತು.

ಮರುದಿನ ದೂರಿನ ಮೇಜಿನಲ್ಲಿ ಕೂರುವ ಸರದಿ ಅವಳದ್ದು. ನೆರವು ಸಿಗದವರು, ಅರ್ಧ ಸಿಕ್ಕವರು, ನೆರೆಯವನಿಗೆ ಹೆಚ್ಚು ಸಿಕ್ಕಿತೆಂದು ಹೊಟ್ಟೆ ಉರಿದವರು ಎಲ್ಲರೂ ಬಂದು ಹೇಳಿಕೊಳ್ಳುವ ಜಾಗ ಅದು. ದೂರು ಕೊಟ್ಟವರಿಗೆ ಮರುದಿನವೇ ಅವರಿದ್ದಲ್ಲಿಗೆ ಹೋಗಿ ಉತ್ತರ ಹೇಳಬೇಕೆಂಬುದು ಅವಳೇ ತಂದ ಪದ್ಧತಿ. ಸಾಲಿನಲ್ಲಿ ಕೊಡೆ ಹಿಡಿದ ಅತ್ತೆ ನಿಂತಿದ್ದರು. ಸರದಿ ಬಂದಾಗ ಕುರ್ಚಿ ಎಳೆದು ಗಟ್ಟಿಯಾಗಿ ಕೂತರು.

"ಹೇಳಿ ಅತ್ತೆ, ಏನು ಸಿಕ್ಕಿಲ್ಲ?"

"ಸಿಕ್ಕಿಲ್ಲ ಅಂತಲ್ಲಮ್ಮ. ಇದ್ದದ್ದೇ ಹೋಯ್ತು. ನಮ್ಮನೇಲಿ ಮಾತಾಡೋ ಹುಡುಗ ಒಬ್ಬ ಇದ್ದ."

ಹಿಂದೆ ನಿಂತವರು ಕಿವಿ ನಿಮಿರಿಸಿದರು. ಸಂಯೋಜಕಿಯ ಮುಖಕ್ಕೆ ರಕ್ತ ನುಗ್ಗಿತು. "ಅತ್ತೆ, ಇದು..."

"ದೂರು ಪೂರ್ತಿ ಕೇಳಬೇಕು ಅಂತ ಇಲ್ಲೇ ಬೋರ್ಡ್ ಹಾಕಿದ್ದೀರಿ. ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಅಂತಾರೆ, ನಮ್ಮೋನಿಗೆ ಅಷ್ಟುದ್ದ ಬಾಯಿ ಇದ್ದೂ ಎರಡು ದಿನದಿಂದ ಊಟ ಸೇರ್ತಿಲ್ಲ. ಹೇಳೋ, ಹೋಗಿ ಹೇಳೋ ಅಂದ್ರೆ, ‘ಏನೂ ಖಾತ್ರಿ ಆಗದೆ ಹೇಳಬಾರದು ಅಂತ ಮೇಡಂ ನಿಯಮ’ ಅಂತಾನೆ. ಇದೆಂಥ ನಿಯಮ ಮಾಡಿದ್ದೀಯಮ್ಮ? ಹುಡುಗಿ ಮನಸ್ಸೇನು ಲಾರಿಯಾ, ಇಳಿಸಿ ಎಣಿಸೋಕೆ?"

ಸಾಲಿಗೆ ಸಾಲೇ ನಕ್ಕಿತು. ಸಂಯೋಜಕಿ ಮೇಜಿನ ಮೇಲಿನ ಪೆನ್ನನ್ನು ಎತ್ತಿ, ಇಟ್ಟು, ಮತ್ತೆ ಎತ್ತಿದಳು.

"ಅವರು ಹಾಗಂದ್ರಾ?"

"ನಾನ್ಯಾಕೆ ಸುಳ್ಳು ಹೇಳಲಿ? ನಾಳೆಯೊಳಗೆ ಉತ್ತರ ಬರಬೇಕು. ಅವನು ಹಳೇ ರೇಡಿಯೊ ಸ್ಟೇಷನ್ ಹತ್ತಿರ ಇರ್ತಾನೆ, ಮಾಡು ಹೊಡೀತಿದ್ದಾರೆ." ಕೊಡೆ ಬಿಚ್ಚಿಕೊಂಡು ಅವರು ನಡೆದೇಬಿಟ್ಟರು.

ಆ ಸಂಜೆ ಅವಳು ಸಮುದ್ರದ ಬದಿಯ ಓಣಿಯಲ್ಲಿ ಒಬ್ಬಳೇ ನಡೆದಳು. ಬಡಗಿಯ ಹಿಂದೆ ಅಲೆದು ಕಲಿತ ಹೆಂಗಸರು ಗೋಡೆಯ ಮೇಲೆ ಕೂತು ಪಟ್ಟಿ ಬಿಗಿಯುತ್ತಿದ್ದರು. ಒಂದು ಮನೆಗೆ ಸೂರಾಗಿತ್ತು, ಪಕ್ಕದ ಮನೆಗೆ ಆಗಿರಲಿಲ್ಲ. ಆಗದ ಮನೆಗಳನ್ನು ನೋಡುತ್ತಾ, ಅವನು ನಿನ್ನನ್ನು ಬೇಡ ಅಂದರೆ ಏನು ಮಾಡುತ್ತೀಯಾ ಎಂದು ತನ್ನನ್ನೇ ಕೇಳಿಕೊಂಡಳು. ಅಳುತ್ತೀನಿ ಅಂತ ಉತ್ತರ ಬಂತು. ಹೋಗುತ್ತೀನಿ ಅಂತ ಬರಲಿಲ್ಲ. ಅತ್ತರೂ ಈ ಓಣಿಯಲ್ಲೇ ಅಳುವುದು, ಬೆಳಿಗ್ಗೆ ಎದ್ದು ಮತ್ತೆ ಸೂರಿನ ಕೆಲಸ ಮಾಡಿಸುವುದು. ಅಷ್ಟು ಸ್ಪಷ್ಟವಾದ ಮೇಲೆ ಮನಸ್ಸು ಹಗುರಾಯಿತು. ಶುಕ್ರವಾರ ಬೆಳಿಗ್ಗೆ ಕೇಂದ್ರ ಕಚೇರಿಗೆ ಫೋನ್ ಮಾಡಿ, ಹೇಳಬೇಕಾದದ್ದನ್ನು ಹೇಳಿ, ನೇರ ಹಳೇ ಸ್ಟೇಷನ್ನಿಗೆ ಹೋದಳು.

ಅಂಗಳದಲ್ಲಿ ಊರೇ ನೆರೆದಿತ್ತು. ಕೆಳಗೆ ಬಡಗಿ ಶೀಟು ಕೊಡುತ್ತಿದ್ದ. ಮೇಲೆ, ತೊಲೆಯ ಮೇಲೆ ಕಾಲು ಇಳಿಬಿಟ್ಟು ಕೂತ ಗಿಳಿ, ಎರಡೂ ಕೈಯಲ್ಲಿ ಒಂದು ತಗಡಿನ ಶೀಟನ್ನು ಗಾಳಿಗೆ ಹಾರದಂತೆ ಒತ್ತಿ ಹಿಡಿದಿದ್ದ. ತುಟಿಗಳ ನಡುವೆ ಒಂದು ಹಿಡಿ ಮೊಳೆ.

ಅವಳು ಏಣಿ ಹತ್ತಿದಳು. ತಲೆ ಮೇಲೆ ಕಾಣಿಸಿದ್ದೇ ಅವನ ಕಣ್ಣು ಅಗಲವಾಯಿತು. "ಮ್ಮ್?" ಅಂದ.

"ಮಾತಾಡಬೇಡಿ. ಆಗೋದೂ ಇಲ್ಲ, ಒಳ್ಳೇದೇ ಆಯ್ತು." ಅವಳು ತೊಲೆಯ ಇನ್ನೊಂದು ತುದಿಯಲ್ಲಿ ಕೂತು, ಶೀಟಿನ ಈ ಅಂಚು ಹಿಡಿದಳು. ಗಾಳಿಗೆ ತಗಡು ಗಡಗಡ ಅಂದಿತು. "ಮೊದಲನೇ ವಿಷಯ. ನಾನ್ ಹೋಗ್ತಿಲ್ಲ. ಬೆಳಿಗ್ಗೇನೇ ಹೇಳಿಬಿಟ್ಟೆ. ವರ್ಷ ಪೂರ್ತಿ ಇಲ್ಲೇ. ನಿಮಗೋಸ್ಕರ ಅಂತ ಉಳೀತಿಲ್ಲ, ಒಂದು ಊರಾದ್ರೂ ಪೂರ್ತಿ ಏಳೋದನ್ನ ಕಣ್ಣಾರೆ ನೋಡಬೇಕು ಅಂತ. ನೀವು ಏನು ಹೇಳಿದ್ರೂ ಹೇಳದಿದ್ರೂ ನಾನು ಇರೋಳೇ. ನಿಮ್ಮ ಮೇಲೆ ಯಾವ ಹೊರೆಯೂ ಇಲ್ಲ."

"ಮ್ಮ್ ಮ್ಮ್!"

"ಇನ್ನೂ ಮುಗಿದಿಲ್ಲ. ಎರಡನೇದು." ಉಸಿರು ಎಳೆದುಕೊಂಡಳು. "ನೀವಂದ್ರೆ ನನಗೆ ಇಷ್ಟ. ತುಂಬಾ ಇಷ್ಟ. ಯಾರೂ ಇಲ್ಲದ ಲಾಡ್ಜಲ್ಲಿ ನಿಮ್ಮ ಧ್ವನಿ ಕೇಳಿಸಿದ್ರೆ ನನಗೆ ಮನೆಗೆ ಬಂದ ಹಾಗಾಗುತ್ತೆ. ಬುಧವಾರ ನೀವು ಚರಂಡಿ ಬಗ್ಗೆ ಕೇಳ್ತಾ ಕೂತಾಗ ನಿಮ್ಮನ್ನ ಮೈಕಿನ ಸಮೇತ ಕಿಟಕಿಯಿಂದ ಆಚೆ ಎಸೀಬೇಕು ಅನ್ನಿಸ್ತು. ಅಷ್ಟು ಇಷ್ಟ. ಈಗ ನೀವು ಹೇಳಿ."

ಅಂಗೈಯನ್ನು ಅವನ ಗಲ್ಲದ ಕೆಳಗೆ ಹಿಡಿದಳು. ಅವನು ಬಗ್ಗಿ, ಮೊಳೆಗಳನ್ನು ಒಂದೊಂದಾಗಿ ಅದರಲ್ಲಿ ಬಿಟ್ಟ. ಬಾಯಿ ಖಾಲಿಯಾದ ಮೇಲೂ ಮಾತು ಬರಲಿಲ್ಲ. ಊರಿನ ಗಿಳಿಗೆ ಮಾತು ಸಿಗದದ್ದನ್ನು ಅವಳು ಆವತ್ತೇ ನೋಡಿದ್ದು.

"ಅಲ್ಲಿ ಇನ್ನೊಂದು ಊರು ಸೂರಿಲ್ಲದೆ ಕೂತಿತ್ತು," ಎಂದ ಕೊನೆಗೆ. "ನನ್ನೊಬ್ಬನ ಸಂತೋಷಕ್ಕೆ ನಿಮ್ಮನ್ನ ಹಿಡಿದಿಟ್ರೆ, ನಾಳೆ ನೀವು ನನ್ನ ಮುಖ ನೋಡ್ತಿದ್ರಾ? ಅದಕ್ಕೇ ಬಾಯಿ ಮುಚ್ಕೊಂಡೆ. ನಿಯಮ ಗಿಯಮ ಎಲ್ಲ ಅತ್ತೆಗೆ ಹೇಳಿದ ನೆಪ. ನೀವು ಶನಿವಾರ ಹೋದ್ರೆ ಭಾನುವಾರ ಮೈಕ್ ಮುಂದೆ ಹೇಗೆ ಕೂರೋದು ಅಂತ ಗೊತ್ತಾಗದೆ, ಬಂದು ಇಲ್ಲಿ ಮೊಳೆ ಹೊಡೀತಿದ್ದೀನಿ. ಟಾರ್ಪಾಲು ಎಲ್ಲಿದೆ ಅಂತ ಕೇಳಿದ್ರಲ್ಲ, ಆವತ್ತಿಂದ ನಿಮ್ಮನ್ನ ಪ್ರೀತಿಸ್ತಿದ್ದೀನಿ. ನನ್ನ ಮದುವೆ ಆಗ್ತೀರಾ?"

ಕೆಳಗೆ ಸುತ್ತಿಗೆಯ ಸದ್ದು ಯಾವಾಗಲೋ ನಿಂತುಹೋಗಿತ್ತು.

"ಲೋ ಗಿಳೀ," ಎಂದು ಬಡಗಿ ಕೂಗಿದ, "ಶೀಟು ಹೊಡೀತೀಯೋ, ಅಲ್ಲೇ ಸಂಸಾರ ಹೂಡ್ತೀಯೋ? ಇಲ್ಲಿಗೆಲ್ಲ ಕೇಳ್ತಿದೆ!"

ಅವಳು ಕೆಳಗೆ ನೋಡಿದಳು. ಅಂಗಳದ ತುಂಬ ಮೇಲೆತ್ತಿದ ಮುಖಗಳು. ಡಾಕ್ಟರಿದ್ದರು, ಸಹಾಯಕಿ ಇದ್ದಳು, ಕೊಡೆಯ ಅಂಚಿನಿಂದ ಕತ್ತು ಚಾಚಿದ ಅತ್ತೆ ಇದ್ದರು. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಆದರೆ ಕೆಲಸದ ಅಭ್ಯಾಸ ಹೋಗುತ್ತದೆಯೇ?

"ಎಲ್ಲರೂ ಹಿಂದೆ ಸರೀರಿ!" ಎಂದು ಕೂಗಿದಳು. "ಇನ್ನೂ ಹಿಂದೆ. ಅತ್ತೆ, ನೀವೂ. ಗೋಡೆ ಹತ್ತಿರ ಯಾರೂ ನಿಲ್ಲಬಾರದು."

ಜನ ಗೊಣಗುತ್ತಾ ಸರಿದರು. ಗೋಡೆಯ ಬುಡ ಖಾಲಿಯಾದದ್ದನ್ನು ಅವಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಗ್ಗಿ ಖಾತ್ರಿ ಮಾಡಿಕೊಂಡಳು. ಆಮೇಲೆ ಮೊಳೆಗಳನ್ನು ಅಂಗಿಯ ಜೇಬಿಗೆ ಸುರಿದುಕೊಂಡು ಅವನ ಕಡೆ ತಿರುಗಿದಳು.

"ಈಗ ಶೀಟು ಬಿಡಿ ಗಿಳಿ."

"ಯಾಕೆ?"

"ಶೀಟು ಹಿಡ್ಕೊಂಡೇ ಇದ್ರೆ ನನ್ನ ಕೈ ಹೇಗೆ ಹಿಡೀತೀರಿ?"

ಶೀಟು ದಢಾರೆಂದು ಅಂಗಳಕ್ಕೆ ಬಿತ್ತು. ಆ ಸದ್ದಿನಲ್ಲಿ ಅವಳು ಹೌದು ಅಂದದ್ದು ಕೆಳಗಿದ್ದ ಯಾರಿಗೂ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು.